ಟೊಂಕ ನೋವು, ಮೂತ್ರಪಿಂಡ ಮತ್ತು ನೋವಿನ ಗುಳಿಗೆ

ಕಬ್ಬಿನ ಕಟಾವಿನ ಹಂಗಾಮಿನಲ್ಲಿ ಅಥಣಿ, ಜಮಖಂಡಿ, ಮುಧೋಳ ಕಡೆಯ ಯಾವ ಊರಿಗೆ ಹೋದರೂ ಟೊಂಕ ನೋವಿನ ಮಾತು ಕಿವಿಗೆ ಬೀಳುತ್ತದೆ. ರಬಕವಿ-ಬನಹಟ್ಟಿಯ ನೇಕಾರರಿಗೆ, ಇಂಡಿಯ ಲಿಂಬೆ ತೋಟಗಳಲ್ಲಿ ದುಡಿಯುವವರಿಗೆ, ದಿನವಿಡೀ ಬಗ್ಗಿ ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ಅದು ವರ್ಷವಿಡೀ ಇದ್ದದ್ದೇ. ಮೈಮುರಿದು ದುಡಿಯುವ ಸೀಮೆಯಲ್ಲಿ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಈ ನೋವಿನ ಬಗ್ಗೆ ಜನ ಎರಡು ತುದಿಗಳಲ್ಲಿ ನಿಲ್ಲುತ್ತಾರೆ. ಕೆಲವರು ಟೊಂಕ ಹಿಡಿದ ಕೂಡಲೇ ಕಿಡ್ನಿ ಕೆಟ್ಟಿತೆಂದು ಹೆದರಿ ಸ್ಕ್ಯಾನಿಂಗ್‌ಗೆ ಓಡುತ್ತಾರೆ. ಅವರಿಗಿಂತ ಎಷ್ಟೋ ಹೆಚ್ಚು ಮಂದಿ ಔಷಧ ಅಂಗಡಿಯಿಂದ ಗುಳಿಗೆ ತಂದು ನುಂಗಿ ಹೊಲಕ್ಕೆ ಹೋಗುತ್ತಾರೆ. ಮೊದಲಿನವರು ಕಳೆದುಕೊಳ್ಳುವುದು ಒಂದಿಷ್ಟು ದುಡ್ಡು, ಒಂದಿಷ್ಟು ನಿದ್ದೆ. ಎರಡನೆಯವರು ಕೆಲವೊಮ್ಮೆ ಮೂತ್ರಪಿಂಡವನ್ನೇ ಕಳೆದುಕೊಳ್ಳುತ್ತಾರೆ.

ಮೂತ್ರಪಿಂಡದ ನೋವನ್ನು ಗುರುತಿಸಬೇಕಾದರೆ ಅವು ಎಲ್ಲಿವೆ ಎಂಬುದು ತಿಳಿದಿರಬೇಕು. ಟೊಂಕ ಎಂದು ನಾವು ಕೈ ಇಡುವ ಜಾಗ, ಅಂದರೆ ಧೋತರ ಅಥವಾ ಸೀರೆ ಬಿಗಿಯುವ ಮಟ್ಟ, ಅವುಗಳಿಗಿಂತ ಕೆಳಗಿದೆ. ಮೂತ್ರಪಿಂಡಗಳಿರುವುದು ಅದಕ್ಕಿಂತ ಮೇಲೆ, ಬೆನ್ನುಮೂಳೆಯ ಎರಡು ಬದಿಗಳಲ್ಲಿ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ. ಯಕೃತ್ತು ಮೇಲಿರುವುದರಿಂದ ಬಲಗಡೆಯದು ತುಸು ಕೆಳಗಿರುತ್ತದೆ. ಒಂದೊಂದೂ 10ರಿಂದ 12 ಸೆಂಟಿಮೀಟರ್ ಉದ್ದ. ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನುಗಳೆಂಬ ಸೋಸುವ ಘಟಕಗಳು. ಇವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೆ ಸೇರಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ.

ಇಷ್ಟೆಲ್ಲ ಕೆಲಸ ಮಾಡುವ ಆ ಘಟಕಗಳಿಗೆ ನೋವು ಗೊತ್ತಾಗುವುದಿಲ್ಲ. ನೋವನ್ನು ಅರಿಯುವ ನರಗಳು ಇರುವುದು ಮುಖ್ಯವಾಗಿ ಮೂತ್ರಪಿಂಡದ ಹೊರ ಹೊದಿಕೆಯಲ್ಲಿ, ಮೂತ್ರ ಬಂದು ಸೇರುವ ಒಳಗಿನ ಚೀಲದಲ್ಲಿ ಮತ್ತು ಅಲ್ಲಿಂದ ಮೂತ್ರಕೋಶಕ್ಕೆ ಇಳಿಯುವ ನಾಳದಲ್ಲಿ. ಹೊದಿಕೆ ಜಗ್ಗಿದರೆ, ಚೀಲ ಉಬ್ಬಿದರೆ, ನಾಳ ಹಿಗ್ಗಿದರೆ ನೋವು ಏಳುತ್ತದೆ. ಹಾಗಾಗಿ ಹರಳು ಸಿಕ್ಕಿಕೊಂಡಾಗ, ಸೋಂಕಿನಿಂದ ಮೂತ್ರಪಿಂಡ ಊದಿಕೊಂಡಾಗ, ನೀರುಗಂಟುಗಳು ಬೆಳೆದಾಗ ದೇಹ ಕೂಗಿ ಹೇಳುತ್ತದೆ. ಸಕ್ಕರೆ ಕಾಯಿಲೆ ಮತ್ತು ಏರಿದ ರಕ್ತದೊತ್ತಡದಿಂದ ನೆಫ್ರಾನುಗಳು ವರ್ಷಗಟ್ಟಲೆ ಒಂದೊಂದಾಗಿ ಸಾಯುವಾಗ ಯಾವುದೂ ಹಿಗ್ಗುವುದಿಲ್ಲ, ಯಾವುದೂ ಜಗ್ಗುವುದಿಲ್ಲ. ಡಯಾಲಿಸಿಸ್‌ವರೆಗೆ ಹೋಗುವವರಲ್ಲಿ ಹೆಚ್ಚಿನವರ ಕಾಯಿಲೆ ಈ ಎರಡನೆಯ ಬಗೆಯದು. ನೋವಿಲ್ಲ, ಆದ್ದರಿಂದ ಕಿಡ್ನಿ ಚೆನ್ನಾಗಿದೆ ಎಂಬ ಲೆಕ್ಕ ಅಲ್ಲಿಗೇ ತಪ್ಪುತ್ತದೆ.

ಈಗ ಕೂಗಿ ಹೇಳುವ ನೋವಿನ ವಿಷಯ. ಹರಳಿನ ನೋವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಹರಳು ಮೂತ್ರಪಿಂಡದಲ್ಲೇ ಕೂತಿದ್ದರೆ ವರ್ಷಗಳ ಕಾಲ ಸುಮ್ಮನಿರಬಹುದು. ಅದು ಜಾರಿ ನಾಳಕ್ಕೆ ಬಂದಾಗ ಕಥೆ ಬೇರೆ. ಆ ನಾಳ ಒಂದು ಗೇಣಿಗಿಂತ ತುಸು ಉದ್ದ, ಒಳಗಿನ ಅಗಲ ಮೂರು ನಾಲ್ಕು ಮಿಲಿಮೀಟರ್ ಅಷ್ಟೇ. ಹರಳು ಅಡ್ಡ ನಿಂತ ಕೂಡಲೇ ಮೇಲಿನಿಂದ ಬರುವ ಮೂತ್ರ ಕಟ್ಟಿಕೊಳ್ಳುತ್ತದೆ; ಅದನ್ನು ದೂಡಲು ನಾಳದ ಸ್ನಾಯುಗಳು ಬಿಗಿಯುತ್ತವೆ. ನೋವು ಅಲೆಯಲೆಯಾಗಿ ಬರುವುದು ಇದರಿಂದಲೇ. ಪಕ್ಕೆಯ ಹಿಂದೆ ಒಂದೇ ಬದಿಗೆ ಶುರುವಾಗಿ, ಹೊಟ್ಟೆಯ ಪಕ್ಕದಿಂದ ಇಳಿದು, ತೊಡೆಸಂದಿಗೆ, ಗಂಡಸರಲ್ಲಿ ವೃಷಣದವರೆಗೆ ಹರಿಯುತ್ತದೆ. ಈ ಭಾಗಗಳ ನರಗಳು ಬೆನ್ನುಹುರಿಯ ಒಂದೇ ಮಟ್ಟವನ್ನು ಸೇರುವುದರಿಂದ ಮೆದುಳಿಗೆ ನೋವಿನ ಮೂಲ ಯಾವುದೆಂದು ಸರಿಯಾಗಿ ಗೊತ್ತಾಗುವುದಿಲ್ಲ. ಹರಳು ಮೂತ್ರಕೋಶದ ಹತ್ತಿರ ಬಂದಂತೆ ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುತ್ತದೆ, ಹೋದರೆ ನಾಲ್ಕು ಹನಿ. ಜೊತೆಗೆ ವಾಕರಿಕೆ, ವಾಂತಿ, ಬೆವರು.

ಸ್ನಾಯುವಿನ ನೋವಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ರೋಗಿಯ ನಡವಳಿಕೆಯಲ್ಲೇ ಕಾಣುತ್ತದೆ. ಬೆನ್ನು ಉಳುಕಿದವನು ಒಂದು ಭಂಗಿ ಹುಡುಕಿಕೊಂಡು ಅಲುಗಾಡದೆ ಮಲಗುತ್ತಾನೆ. ಬಗ್ಗಿದರೆ, ಭಾರ ಎತ್ತಿದರೆ, ಕೆಮ್ಮಿದರೆ ಅವನ ನೋವು ಹೆಚ್ಚುತ್ತದೆ, ವಿಶ್ರಾಂತಿಯಲ್ಲಿ ಇಳಿಯುತ್ತದೆ. ಬೆರಳಿಂದ ಒತ್ತಿ ಇಲ್ಲೇ ಎಂದು ತೋರಿಸಬಲ್ಲ. ಬೆನ್ನುಮೂಳೆಯ ನರ ಒತ್ತಿಕೊಂಡಿದ್ದರೆ ಸೆಳೆತ ಪೃಷ್ಠದಿಂದ ಕಾಲಿನ ಹಿಂಬದಿಗೆ, ಮೊಣಕಾಲಿನ ಕೆಳಗೂ ಇಳಿಯುತ್ತದೆ. ಹರಳು ಸಿಕ್ಕಿಕೊಂಡವನಿಗೆ ಯಾವ ಭಂಗಿಯೂ ಸಮಾಧಾನ ಕೊಡದು. ಕೂರುತ್ತಾನೆ, ಏಳುತ್ತಾನೆ, ನೆಲದ ಮೇಲೆ ಹೊರಳಾಡುತ್ತಾನೆ. ಮನೆಯವರು ನೋವು ಎಲ್ಲಿದೆ ಎಂದು ಕೇಳುವುದರ ಜೊತೆಗೆ ಮಲಗಿದರೆ ಕಡಿಮೆಯಾಗುತ್ತದೆಯೇ, ಬಗ್ಗಿದರೆ ಹೆಚ್ಚುತ್ತದೆಯೇ, ಮೂತ್ರದ ಬಣ್ಣ ಹೇಗಿದೆ ಎಂದೂ ಕೇಳಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಹರಳಿನ ನೋವು ತಟ್ಟನೆ ನಿಂತರೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಇಲ್ಲೊಂದು ಅಪಾಯವಿದೆ. ಐದು ಮಿಲಿಮೀಟರಿಗಿಂತ ಚಿಕ್ಕ ಹರಳುಗಳಲ್ಲಿ ಹೆಚ್ಚಿನವು ಕೆಲವು ವಾರಗಳಲ್ಲಿ ತಾವಾಗಿಯೇ ಹೊರಬೀಳುತ್ತವೆ, ನಿಜ. ಹತ್ತು ಮಿಲಿಮೀಟರ್ ದಾಟಿದ್ದು ಹಾಗೆ ಹೋಗುವುದು ಅಪರೂಪ. ಆದರೆ ಹರಳು ಅಲ್ಲೇ ಉಳಿದಿದ್ದರೂ ನೋವು ನಿಲ್ಲಬಹುದು, ಏಕೆಂದರೆ ಒತ್ತಡ ಹೆಚ್ಚಿದ ಮೂತ್ರಪಿಂಡ ಕ್ರಮೇಣ ಕಡಿಮೆ ಮೂತ್ರ ತಯಾರಿಸತೊಡಗುತ್ತದೆ. ಹಾಗೆ ಕಟ್ಟಿಕೊಂಡೇ ವಾರಗಳು ಕಳೆದರೆ ಆ ಬದಿಯ ಮೂತ್ರಪಿಂಡ ಸದ್ದಿಲ್ಲದೆ ಹಾಳಾಗುತ್ತದೆ. ಹರಳು ಹೊರಬಿದ್ದದ್ದನ್ನು ಕಣ್ಣಾರೆ ಕಂಡಿಲ್ಲವಾದರೆ, ನೋವು ಹೋದ ಮೇಲೂ ಸ್ಕ್ಯಾನಿಂಗ್ ಮಾಡಿಸಿಯೇ ನಂಬಬೇಕು.

ಹರಳಿನ ನೋವಿನೊಂದಿಗೆ ಚಳಿಜ್ವರ ಬಂದರೆ ಬೆಳಗಾಗುವವರೆಗೆ ಕಾಯಬಾರದು. ಕಟ್ಟಿಕೊಂಡ ಮೂತ್ರಕ್ಕೆ ಸೋಂಕು ತಗುಲಿದರೆ ಅದು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹರಡಬಲ್ಲದು. ಆಗ ಬರೀ ಇಂಜೆಕ್ಷನ್ ಸಾಲದು. ನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿಯೋ, ಬೆನ್ನಿನ ಮೂಲಕ ಕೊಳವೆ ಇಳಿಸಿಯೋ ಕಟ್ಟಿದ್ದನ್ನು ಹೊರಗೆ ಬಿಡಬೇಕಾಗುತ್ತದೆ. ಹಳ್ಳಿಯಿಂದ ಹೊರಡುವಾಗಲೇ ಆ ಸೌಲಭ್ಯವಿರುವ ಆಸ್ಪತ್ರೆಗೆ ಹೋಗುವುದು ಮೇಲು. 108ಕ್ಕೆ ಕರೆ ಮಾಡಿದಾಗ ನೋವಿನ ಜೊತೆ ಚಳಿಜ್ವರ ಇದೆ ಎಂದು ಬಿಡಿಸಿ ಹೇಳಿ. ಒಂದೇ ಮೂತ್ರಪಿಂಡ ಇರುವವರಿಗೆ, ಮೂತ್ರ ಪೂರ್ತಿ ನಿಂತವರಿಗೆ, ಗರ್ಭಿಣಿಯರಿಗೆ ಕೂಡ ಇದೇ ಆತುರ ಬೇಕು.

ಹರಳಿಲ್ಲದೆಯೂ ಮೂತ್ರಪಿಂಡಕ್ಕೆ ಸೋಂಕು ತಗುಲುತ್ತದೆ, ಹೆಂಗಸರಲ್ಲಿ ಹೆಚ್ಚು. ಸಾಮಾನ್ಯವಾಗಿ ಮೊದಲು ಉರಿಮೂತ್ರ; ಎರಡು ಮೂರು ದಿನ ನಾಚಿಕೆಯಿಂದಲೋ ಕೆಲಸದ ಒತ್ತಡದಿಂದಲೋ ಸುಮ್ಮನಿದ್ದರೆ ಸೋಂಕು ಮೇಲಕ್ಕೇರುತ್ತದೆ. ಆಗ ಪಕ್ಕೆಯ ಹಿಂದೆ ಒಂದೇ ಸಮನೆ ಮೊಂಡು ನೋವು, ನಡುಕ ಹುಟ್ಟಿಸುವ ಜ್ವರ, ವಾಂತಿ. ಹೊಲದಲ್ಲಿ ಶೌಚಾಲಯವಿಲ್ಲವೆಂದು ನೀರನ್ನೇ ಕುಡಿಯದೆ, ಸಂಜೆಯವರೆಗೆ ಮೂತ್ರ ತಡೆದುಕೊಳ್ಳುವ ಹೆಣ್ಣುಮಕ್ಕಳನ್ನು ಕಬ್ಬಿನ ಗದ್ದೆಗಳಲ್ಲಿ, ಈರುಳ್ಳಿ ಹೊಲಗಳಲ್ಲಿ ಕಾಣಬಹುದು. ಇದು ಅವರ ಅಜ್ಞಾನವಲ್ಲ. ಶೌಚಾಲಯವೆಂಬುದು ಕೆಲಸ ಕೊಡುವವರು ಮಾಡಿಕೊಡಬೇಕಾದ ವ್ಯವಸ್ಥೆ. ವಯಸ್ಸಾದವರಲ್ಲಿ ಜ್ವರ ಏರದೆಯೇ ಬರೀ ಗೊಂದಲ, ಮಾತಿನಲ್ಲಿ ತಡವರಿಕೆ ಕಾಣಬಹುದು. ಸಕ್ಕರೆ ಕಾಯಿಲೆ ಹಳೆಯದಾಗಿ ನರಗಳು ಸೊರಗಿದವರಿಗೆ ನೋವಿನ ತೀವ್ರತೆಯೇ ತಿಳಿಯದೆ ಹೋಗಬಹುದು. ಇವರ ವಿಷಯದಲ್ಲಿ ನೋವು ಸಣ್ಣದೆಂದು ಕಾಯಿಲೆಯೂ ಸಣ್ಣದೆಂದುಕೊಳ್ಳಬಾರದು.

ನೋವೇ ಇಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ ಅದು ನೋವಿರುವುದಕ್ಕಿಂತ ಹೆಚ್ಚು ಚಿಂತೆಯ ವಿಷಯ. ನಲವತ್ತು ದಾಟಿದವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಂತೂ ಮೂತ್ರಕೋಶದ ಅಥವಾ ಮೂತ್ರಪಿಂಡದ ಗಡ್ಡೆ ಮೊದಲು ತೋರಿಸುವ ಗುರುತು ಇದೇ ಆಗಿರಬಹುದು. ಒಂದು ಸಲ ಕಂಡು ತಾನಾಗಿ ನಿಂತರೂ ತೋರಿಸಿಕೊಳ್ಳಬೇಕು.

ಬೇರೆ ಕಾಯಿಲೆಯ ನೋವನ್ನು ಮೂತ್ರಪಿಂಡದ್ದೆಂದುಕೊಂಡು ಉಲ್ಟಾ ಕಡೆಯಿಂದಲೂ ಮೋಸ ಹೋಗುವುದುಂಟು. ಸರ್ಪಸುತ್ತು ಏಳುವ ಮೊದಲು ಪಕ್ಕೆಯ ಒಂದೇ ಬದಿಗೆ ಪಟ್ಟಿಯಂತೆ ಉರಿ ನೋವು ಬಂದು ಹರಳಿನ ಗುಮಾನಿ ಹುಟ್ಟಿಸುತ್ತದೆ. ಹದಿಹರೆಯದ ಹುಡುಗನಿಗೆ ಹಠಾತ್ತಾಗಿ ವೃಷಣ ನೋವು ಬಂದರೆ ಅದು ವೃಷಣ ತಿರುಚಿಕೊಂಡಿದ್ದಿರಬಹುದು, ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ಅರವತ್ತು ದಾಟಿದ ಗಂಡಸಿಗೆ ಜೀವನದಲ್ಲೇ ಮೊದಲ ಬಾರಿ ಹರಳಿನಂಥ ನೋವು ಬಂದರೆ ಹೊಟ್ಟೆಯ ದೊಡ್ಡ ರಕ್ತನಾಳವಾದ ಮಹಾಪಧಮನಿ ಉಬ್ಬಿ ಒಡೆಯುತ್ತಿದೆಯೇ ಎಂದು ವೈದ್ಯರು ಮೊದಲು ನೋಡುತ್ತಾರೆ. ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ಕಾರಣವಿದೆ: ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕೆಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ವರ್ಷಾನುಗಟ್ಟಲೆ ಅದನ್ನೇ ಕುಡಿದವರ ಬೆನ್ನು, ಕೀಲುಗಳು ಬಿಗಿದು ನೋಯುತ್ತವೆ. ಆ ನೋವು ಮೂಳೆಯದು. ಆದರೆ ಫ್ಲೋರೈಡನ್ನು ದೇಹದಿಂದ ಹೊರಹಾಕುವುದು ಮೂತ್ರಪಿಂಡವೇ ಆದ್ದರಿಂದ, ಮೂತ್ರಪಿಂಡ ಸೊರಗಿದವರಲ್ಲಿ ಅದು ಹೆಚ್ಚು ಶೇಖರವಾಗುತ್ತದೆ.

ಮೂತ್ರಪಿಂಡದ ಕಾಯಿಲೆ ಬಲಿತ ಮೇಲೆ ಬರುವ ನೋವುಗಳು ಮೂತ್ರಪಿಂಡದ ಜಾಗದಲ್ಲಿ ಬರುವುದೇ ಇಲ್ಲ. ಇದನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ಈ ನೋವುಗಳಿಗೆ ಜನ ವರ್ಷಗಟ್ಟಲೆ ಬೇರೆಯದೇ ಮದ್ದು ಮಾಡುತ್ತಿರುತ್ತಾರೆ. ಡಿ ಜೀವಸತ್ವವನ್ನು ದೇಹ ಬಳಸಬಲ್ಲ ರೂಪಕ್ಕೆ ತರುವುದು ಮೂತ್ರಪಿಂಡ. ಹೆಚ್ಚಾದ ರಂಜಕವನ್ನು ಹೊರಹಾಕುವುದೂ ಅದೇ. ಎರಡೂ ಕೆಲಸ ಕೆಟ್ಟಾಗ ಮೂಳೆಯಿಂದ ಸುಣ್ಣದಂಶ ಸೋರಿ ಕಾಲು, ಟೊಂಕ, ಪಕ್ಕೆಗಳ ಮೂಳೆ ನೋಯುತ್ತವೆ. ರಾತ್ರಿ ಮಲಗಿದಾಗ ಮೀನಖಂಡ ಹಿಡಿದುಕೊಳ್ಳುವುದು, ಅಂಗಾಲು ಉರಿಯುವುದು, ಕಾಲು ಅಲುಗಾಡಿಸದೆ ಇರಲಾಗದ ಚಡಪಡಿಕೆ ಕೂಡ ಕಾಣುತ್ತವೆ. ಯೂರಿಕ್ ಆಮ್ಲ ಹೊರಹೋಗದೆ ಉಳಿದರೆ ಕಾಲಿನ ಹೆಬ್ಬೆರಳಿನ ಕೀಲು ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಚೀರುವಷ್ಟು ನೋಯಬಹುದು. ಕೊನೆಯ ಹಂತದಲ್ಲಿ ಹೃದಯದ ಹೊರಪೊರೆ ಊದಿಕೊಂಡು, ಮಲಗಿದರೆ ಹೆಚ್ಚುವ, ಮುಂದಕ್ಕೆ ಬಾಗಿ ಕೂತರೆ ತಗ್ಗುವ ಎದೆನೋವು ಬರುತ್ತದೆ.

ಈ ನೋವುಗಳು ಯಾವುವೂ ಒಂಟಿಯಾಗಿ ಬಂದಾಗ ಮೂತ್ರಪಿಂಡದತ್ತ ಬೆರಳು ಮಾಡುವುದಿಲ್ಲ. ಅವುಗಳ ಜೊತೆಗೆ ಬೇರೆ ಏನಿದೆ ಎಂಬುದೇ ಮುಖ್ಯ. ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ಸಂಜೆ ಪಾದದಲ್ಲಿ ಬೆರಳೊತ್ತಿದರೆ ಕುಳಿ ಬೀಳುವ ಬಾವು, ನೊರೆ ಹೋಗದೆ ಉಳಿಯುವ ಮೂತ್ರ, ರಾತ್ರಿ ಮೂರು ನಾಲ್ಕು ಸಲ ಏಳುವುದು, ಊಟ ಕಂಡರೆ ವಾಕರಿಕೆ, ಕಾರಣವಿಲ್ಲದ ತುರಿಕೆ, ಮೆಟ್ಟಿಲು ಹತ್ತಿದರೆ ಏದುಸಿರು. ಇವುಗಳಲ್ಲಿ ಒಂದೆರಡಾದರೂ ಜೊತೆಗಿದ್ದು, ರೋಗಿಗೆ ಸಕ್ಕರೆ ಕಾಯಿಲೆ ಅಥವಾ ಬಿಪಿ ಇದ್ದರೆ ರಕ್ತ ಪರೀಕ್ಷೆಯನ್ನು ಮುಂದಿನ ವಾರಕ್ಕೆ ಹಾಕಬಾರದು.

ಇನ್ನು ನೋವಿನ ಗುಳಿಗೆಗೆ ಬರೋಣ. ನನ್ನ ಮಟ್ಟಿಗೆ ಈ ಲೇಖನದಲ್ಲಿ ಅತ್ಯಂತ ಮುಖ್ಯವಾದ ಭಾಗ ಇದು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್, ನಿಮೆಸುಲೈಡ್ ಎಲ್ಲ ಒಂದೇ ಗುಂಪಿನ ಔಷಧಗಳು. ಇವು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗದಂತೆ ತಡೆದು ನೋವು ತಗ್ಗಿಸುತ್ತವೆ. ಆದರೆ ಅದೇ ರಾಸಾಯನಿಕ ಮೂತ್ರಪಿಂಡಕ್ಕೆ ರಕ್ತ ತರುವ ಸಣ್ಣ ನಾಳವನ್ನು ಅಗಲವಾಗಿ ಇರಿಸುತ್ತದೆ. ಬೇಸಿಗೆಯಲ್ಲಿ ಕಾಲುವೆಗೆ ನೀರು ಕಡಿಮೆಯಾದಾಗ ಮೇಲಿನ ತೂಬನ್ನು ಪೂರ್ತಿ ಎತ್ತಿ ಕೊನೆಯ ಹೊಲಕ್ಕೂ ನೀರು ಮುಟ್ಟಿಸುವಂತೆ, ದೇಹದಲ್ಲಿ ನೀರು ಬತ್ತಿದಾಗ ಮೂತ್ರಪಿಂಡ ಈ ಒಳಹರಿವಿನ ನಾಳವನ್ನು ಹಿಗ್ಗಿಸಿಕೊಂಡು ಬದುಕುತ್ತದೆ. ಗುಳಿಗೆ ಆ ತೂಬನ್ನೇ ಇಳಿಸಿಬಿಡುತ್ತದೆ. ನೀರು ಕುಡಿದು ನೆರಳಲ್ಲಿರುವ ಆರೋಗ್ಯವಂತನಿಗೆ ವೈದ್ಯರು ಹೇಳಿದಂತೆ ಒಂದೆರಡು ದಿನ ಕೊಟ್ಟರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹರಳಿನ ನೋವಿಗೂ ಆಸ್ಪತ್ರೆಯಲ್ಲಿ ಇದನ್ನೇ ಕೊಡುವುದುಂಟು. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲಲ್ಲಿ ಬೆವರು ಸುರಿಸುತ್ತ ದಿನಕ್ಕೆರಡು ಗುಳಿಗೆ ನುಂಗುವವನ ಸ್ಥಿತಿ ಬೇರೆ. ಅವನು ಬಿಪಿಗೆಂದು ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಮಾತ್ರೆಯನ್ನೂ, ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ ಮೂರೂ ಸೇರಿ ಕೆಲವೇ ದಿನಗಳಲ್ಲಿ ಮೂತ್ರಪಿಂಡದ ಕೆಲಸ ನಿಲ್ಲಿಸಬಲ್ಲವು.

ಹೆಸರಿಲ್ಲದ ಗುಳಿಗೆಗಳನ್ನು ಬಿಡಿಬಿಡಿಯಾಗಿ ಕಾಗದದ ಪುಡಿಕೆಯಲ್ಲಿ ಕಟ್ಟಿಕೊಡುವ ರೂಢಿ ಇನ್ನೂ ಹೋಗಿಲ್ಲ. ಅದರಲ್ಲಿ ನೋವಿನ ಮಾತ್ರೆಯ ಜೊತೆ ಸ್ಟಿರಾಯ್ಡ್ ಇದೆಯೋ ಏನೋ ನುಂಗುವವನಿಗೆ ಗೊತ್ತಿರುವುದಿಲ್ಲ. ಹೆಸರು ಮುದ್ರಿತವಾದ ಪಟ್ಟಿಯನ್ನೇ ಕೇಳಿ ಪಡೆಯಿರಿ. ಕೀಲು ನೋವಿಗೆಂದು ಯಾರೋ ಕೊಡುವ ಭಸ್ಮಗಳಲ್ಲೂ ಸೀಸ, ಪಾದರಸ ಇದ್ದರೆ ಅದೂ ಮೂತ್ರಪಿಂಡಕ್ಕೆ ವಿಷವೇ. ದುಡಿಮೆಯ ಟೊಂಕ ನೋವಿಗೆ ಬಿಸಿನೀರಿನ ಶಾಖ, ಹಚ್ಚುವ ಮುಲಾಮು, ಹಿತಮಿತದ ಪ್ಯಾರಾಸಿಟಮಾಲ್ ಹೆಚ್ಚು ಸುರಕ್ಷಿತ.

ಬಿಸಿಲಿನ ದುಡಿಮೆಯೇ ಮೂತ್ರಪಿಂಡವನ್ನು ಕೆಡಿಸಬಲ್ಲದೆಂಬುದು ಕಬ್ಬು ಬೆಳೆಯುವವರು ತಿಳಿಯಲೇಬೇಕಾದ ಸಂಗತಿ. ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಸಕ್ಕರೆ ಕಾಯಿಲೆಯಾಗಲಿ ಬಿಪಿಯಾಗಲಿ ಇಲ್ಲದ ಹರೆಯದ ಕಬ್ಬು ಕಡಿಯುವವರು ಮೂತ್ರಪಿಂಡ ವೈಫಲ್ಯದಿಂದ ಸಾವಿರಾರು ಸಂಖ್ಯೆಯಲ್ಲಿ ಸತ್ತಿದ್ದಾರೆ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಸೀಮೆಯಲ್ಲೂ ಕೃಷಿಕರಲ್ಲಿ ಇಂಥದೇ ಕಾಯಿಲೆಯಿದೆ. ಕಾರಣದ ಬಗ್ಗೆ ವಿಜ್ಞಾನಿಗಳ ಚರ್ಚೆ ಮುಗಿದಿಲ್ಲವಾದರೂ, ಮಧ್ಯ ಅಮೆರಿಕದ ಮಟ್ಟಿಗೆ ಸುಡುಬಿಸಿಲಿನ ಕಠಿಣ ದುಡಿಮೆ ಮತ್ತು ಮತ್ತೆ ಮತ್ತೆ ದೇಹದ ನೀರು ಬತ್ತುವುದು ದೊಡ್ಡ ಕಾರಣಗಳೆಂದು ಹಲವರು ನಂಬುತ್ತಾರೆ. ಅಲ್ಲಿ ಕೈಗೊಂಡ ಪರಿಹಾರ ಸರಳ: ನೀರು, ನಡುನಡುವೆ ವಿಶ್ರಾಂತಿ, ನೆರಳು. ಬೆಳಗಾವಿ, ಬಾಗಲಕೋಟೆಯ ಕಟಾವಿನ ಗ್ಯಾಂಗುಗಳಿಗೂ ಈ ಮೂರು ಸಿಗಬೇಕು. ವಿಪರೀತ ದುಡಿದ ದಿನ, ಅಥವಾ ಪೊಲೀಸ್, ಸೇನಾ ನೇಮಕಾತಿಗೆಂದು ಹುಡುಗರು ಬಿಸಿಲಲ್ಲಿ ಓಡಿದ ದಿನ, ತೊಡೆ ಮೀನಖಂಡಗಳು ಸಹಿಸಲಾಗದಷ್ಟು ನೋಯುತ್ತ ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೆ, ಸ್ನಾಯು ಒಡೆದು ಅದರ ವಸ್ತು ಮೂತ್ರಪಿಂಡದಲ್ಲಿ ಕಟ್ಟಿಕೊಳ್ಳುತ್ತಿದೆ ಎಂದರ್ಥ. ಅವತ್ತೇ ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಬೇಕು.

ಗಡಸು ನೀರಿನಿಂದಲೇ ಹರಳಾಗುತ್ತದೆ ಎಂಬ ಮಾತು ನಮ್ಮಲ್ಲಿ ಬಲವಾಗಿದೆ. ಅದಕ್ಕೆ ಗಟ್ಟಿ ಪುರಾವೆಯಿಲ್ಲ. ಯಾವ ನೀರು ಎಂಬುದಕ್ಕಿಂತ ಎಷ್ಟು ನೀರು ಎಂಬುದು ದೊಡ್ಡದು: ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕು, ಹೊಲದಲ್ಲಿ ದುಡಿಯುವವರು ಬೆವರಿನ ಲೆಕ್ಕವನ್ನೂ ಸೇರಿಸಬೇಕು. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ. ಉಪ್ಪಿನಕಾಯಿ, ಹಪ್ಪಳ ಈ ಲೆಕ್ಕವನ್ನು ಬೇಗ ದಾಟಿಸುತ್ತವೆ. ಹಾಲು ಮೊಸರು ಬಿಡುವುದು ತಪ್ಪು, ಏಕೆಂದರೆ ಊಟದಲ್ಲಿನ ಕ್ಯಾಲ್ಸಿಯಂ ಹರಳು ಕಟ್ಟಿಸುವ ಆಕ್ಸಲೇಟ್ ಎಂಬ ವಸ್ತುವನ್ನು ಕರುಳಿನಲ್ಲೇ ಹಿಡಿದು ಹೊರಹಾಕುತ್ತದೆ. ಹುರುಳಿ ಕಟ್ಟು, ಬಾಳೆದಿಂಡಿನ ರಸ ಕ್ಯಾಲ್ಸಿಯಂ ಹರಳನ್ನು ಕರಗಿಸುತ್ತವೆ ಎನ್ನಲು ಆಧಾರ ಸಾಲದು. ಲಿಂಬೆಯಲ್ಲಿರುವ ಸಿಟ್ರೇಟ್ ಹೊಸ ಹರಳು ಕಟ್ಟದಂತೆ ನೆರವಾಗುತ್ತದೆ. ಆದರೆ ಮೂತ್ರಪಿಂಡ ಆಗಲೇ ಸೊರಗಿದವರು ಬಾಳೆದಿಂಡಿನ ರಸ, ಎಳನೀರುಗಳಿಂದ ದೂರವಿರಬೇಕು. ಅವುಗಳಲ್ಲಿನ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯ ನಿಲ್ಲುವ ಭಯವಿದೆ. ಅವರು ಎಷ್ಟು ನೀರು ಕುಡಿಯಬೇಕೆಂಬುದನ್ನೂ ವೈದ್ಯರೇ ಹೇಳಬೇಕು.

ನೋವು ತಿಳಿಸದ್ದನ್ನು ಎರಡು ಅಗ್ಗದ ಪರೀಕ್ಷೆಗಳು ತಿಳಿಸುತ್ತವೆ: ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಶ್ಮಲ, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್. ಕ್ರಿಯಾಟಿನಿನ್ ಅಂಕಿಯನ್ನು ಹಾಗೆಯೇ ಓದಿದರೆ ಮೋಸ ಹೋಗಬಹುದು. ವರದಿಯಲ್ಲಿ 1.2 ಎಂದಿದ್ದರೆ 25 ವರ್ಷದ ಗಂಡಸಿನಲ್ಲಿ ಸೋಸುವ ಪ್ರಮಾಣ ನಿಮಿಷಕ್ಕೆ ಸುಮಾರು 86 ಮಿಲಿಲೀಟರ್, ಅಂದರೆ ಹೆಚ್ಚು ಕಡಿಮೆ ಸರಿಯಾಗಿದೆ. ಅದೇ 1.2 ಅಂಕಿ 65 ವರ್ಷದ ಹೆಂಗಸಿನದಾದರೆ ಪ್ರಮಾಣ ಸುಮಾರು 50ಕ್ಕೆ ಇಳಿಯುತ್ತದೆ. ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕಿದ ಈ ಪ್ರಮಾಣವನ್ನು ಇ-ಜಿಎಫ್‌ಆರ್ ಎನ್ನುತ್ತಾರೆ; ವರದಿಯಲ್ಲಿ ಅದನ್ನೂ ಬರೆಯಿಸಿಕೊಳ್ಳಿ. ಮೂರು ತಿಂಗಳ ಅಂತರದಲ್ಲಿ ಎರಡು ಬಾರಿಯೂ 60ಕ್ಕಿಂತ ಕಡಿಮೆ ಬಂದರೆ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಇದೆ ಎಂದು ಅರ್ಥ. ಅಂಕಿ ಚೆನ್ನಾಗಿದ್ದರೂ ಅಲ್ಬುಮಿನ್ ಸೋರುತ್ತಿದ್ದರೆ ಅದೂ ಕಾಯಿಲೆಯೇ. ಸಕ್ಕರೆ ಕಾಯಿಲೆ, ಬಿಪಿ ಇರುವವರು, ಹರಳು ಮರುಕಳಿಸುವವರು, ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದವರು ವರ್ಷಕ್ಕೊಮ್ಮೆ ಎರಡನ್ನೂ ಮಾಡಿಸಬೇಕು.

ಈ ಹಂತದಲ್ಲಿ ಸಿಕ್ಕ ಕಾಯಿಲೆಯನ್ನು ವರ್ಷಗಟ್ಟಲೆ ತಡೆದಿಡುವ ಔಷಧಗಳಿವೆ. ಮೇಲೆ ಹೇಳಿದ ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಗುಂಪಿನವು, ಜೊತೆಗೆ ಡಾಪಾಗ್ಲಿಫ್ಲೋಜಿನ್‌ನಂಥ ಹೊಸ ಮಾತ್ರೆಗಳು ಅಲ್ಬುಮಿನ್ ಸೋರಿಕೆ ತಗ್ಗಿಸಿ ಮೂತ್ರಪಿಂಡವನ್ನು ಕಾಯುತ್ತವೆ. ನೋವಿನ ಗುಳಿಗೆಯ ಜೊತೆ ಅಪಾಯ ತರುವ ಟೆಲ್ಮಿಸಾರ್ಟಾನೇ ಇಲ್ಲಿ ರಕ್ಷಕ. ಹೀಗಾಗಿ ಹೆದರಿ ಬಿಪಿ ಮಾತ್ರೆಯನ್ನು ನಿಲ್ಲಿಸಬೇಡಿ, ನಿಲ್ಲಿಸಬೇಕಾದದ್ದು ನೋವಿನ ಗುಳಿಗೆಯನ್ನು. ವಾಂತಿಭೇದಿಯಾಗಿ ದೇಹದ ನೀರು ಬತ್ತಿದ ದಿನ ಮಾತ್ರ ಯಾವುದನ್ನು ತಾತ್ಕಾಲಿಕವಾಗಿ ಬಿಡಬೇಕೆಂದು ವೈದ್ಯರನ್ನು ಕೇಳಿ. ತಡವಾಗಿ ಸಿಕ್ಕವರಿಗೆ 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಸಿಗುತ್ತದೆ. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಗುಳಿಗೆ ಪಟ್ಟಿಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ.